ಕಡೆಯ ಬಸ್ಸು ಮತ್ತು ಕೆಳಮನೆಯವರ ಬೂಟು

ಆ ಬೂಟುಗಳು ನನ್ನವಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನದ ರಗಳೆಗೆಲ್ಲ ಮೂಲ ಅದೇ. ನನ್ನವೇ ಆಗಿದ್ದರೆ ಕಳೆದುಹೋದವು ಎಂದು ಕೈಕೊಡವಿ ಸುಮ್ಮನಾಗುತ್ತಿದ್ದೆ.

ಯೂರೋ ನೋಟುಗಳು ಹೊಸದಾಗಿ ಕೈಗೆ ಬಂದಿದ್ದ ವರ್ಷ ಅದು. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಐದು ವರ್ಷಕ್ಕೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ನನ್ನ ಗಂಡ ಸ್ಟುಟ್‌ಗಾರ್ಟ್‌ಗೆ ಬಂದು ಒಂದೂವರೆ ವರ್ಷವಾಗಿತ್ತು. ಅವರ ಹಿಂದೆ ನಾನು ಬಂದು ಎಂಟು ತಿಂಗಳು. ಅವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದವಳು. ಇಲ್ಲಿ ನನ್ನ ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯ ಮೇಲೆ, ಈಕೆಗೆ ಕೆಲಸ ಮಾಡಲು ಪರವಾನಗಿ ಇಲ್ಲ ಎಂದು ಮುದ್ರಿಸಿದ್ದರು. ಹಾಗಾಗಿ ನಾನು ಅಡುಗೆ ಮಾಡುತ್ತಿದ್ದೆ, ಕಿಟಕಿಯಲ್ಲಿ ನಿಲ್ಲುತ್ತಿದ್ದೆ, ಶಬ್ದಕೋಶ ಹಿಡಿದು ಸೂಪರ್ ಮಾರ್ಕೆಟ್ಟಿನ ಜಾಹೀರಾತು ಓದುತ್ತಿದ್ದೆ. ಅರವತ್ತು ಹುಡುಗರ ಕ್ಲಾಸನ್ನು ಒಂದು ನೋಟದಲ್ಲಿ ತಣ್ಣಗೆ ಮಾಡುತ್ತಿದ್ದವಳು ಮೊಸರಿನ ಡಬ್ಬಿಯ ಮೇಲಿನ ಅಕ್ಷರಗಳಿಗೆ ಹೆದರಿ ನಿಲ್ಲುವಂತಾಗಿತ್ತು. ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಹಳ ಕೆಟ್ಟದ್ದು, ಅದು ಮನೆಯಲ್ಲಿ ಇರುವವರ ಮೇಲೇ ಬೀಳುತ್ತದೆ.

ಎರಡು ಸಲ ದಾರಿ ತಪ್ಪಿದ್ದೆ. ಒಮ್ಮೆ ಸ್ಟಾಡ್ಟ್‌ಬಾನ್ ಎಂಬ ಊರೊಳಗಿನ ರೈಲು ಹತ್ತುವಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಹತ್ತಿ ಊರ ತುದಿಯವರೆಗೆ ಹೋಗಿ ಕುಳಿತೆ. ಇನ್ನೊಮ್ಮೆ ಹಳಿ ರಿಪೇರಿಯೆಂದು ಗಾಡಿ ಬೇರೆ ದಾರಿ ಹಿಡಿದಿತ್ತು. ಮೈಕಿನಲ್ಲಿ ಹೇಳಿದರಂತೆ, ನನಗೆ ತಿಳಿಯಲಿಲ್ಲ. ಎರಡು ಸಲವೂ ಇವರ ಆಫೀಸಿಗೆ ಫೋನ್ ಮಾಡಿದೆ, ಎರಡು ಸಲವೂ ಇವರು ಮೀಟಿಂಗ್ ಬಿಟ್ಟು ಎದ್ದು ಬಂದರು. ಬಂದದ್ದು ಒಳ್ಳೆಯತನವೇ. ಆದರೆ ಆಮೇಲೆ ಭಾನುವಾರದ ಊಟಕ್ಕೆ ಬಂದ ಗೆಳೆಯರ ಮುಂದೆ ಅದನ್ನು ನಗುನಗುತ್ತ ಹೇಳಿದರಲ್ಲ, ಅದನ್ನು ನಾನು ಮರೆಯಲಿಲ್ಲ. ಅವರೆಲ್ಲ ನಾನು ಮಾಡಿದ ಎಣಗಾಯಿ ತಿನ್ನುತ್ತಲೇ ನಕ್ಕರು.

ಅದಾದ ಮರುವಾರ ಇವರು ಮಾತು ತೆಗೆದರು.

"ನಿನಗ ಇಲ್ಲೆ ಹೊಂದಾಣಿಕಿ ಆಗವಲ್ದು. ನಾ ಕೆಲಸ ಮಾಡ್ಲ್ಯೊ, ನಿನ್ನ ಹುಡುಕ್ಕೋತ ತಿರಗ್ಲ್ಯೊ? ಊರಿಗೆ ಹೋಗು. ಅಲ್ಲೆ ಅವ್ವ ಅದಾಳ. ಮೂರು ವರ್ಷ ಕಣ್ಣು ಮುಚ್ಚಿ ತಗ್ಯೂದ್ರೊಳಗ ಆಗಿಬಿಡ್ತಾವ."

"ಯಾರ ಕಣ್ಣು ರೀ?" ಎಂದೆ.

ಫ್ರಾಂಕ್‌ಫರ್ಟಿನಿಂದ ಹೊರಡುವ ವಿಮಾನಗಳ ದಿನಗಳನ್ನು ಅವರು ಆಗಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಹಾಳೆ ಫ್ರಿಜ್ ಮೇಲೆ ಇತ್ತು. ಊರಿಗೆ ಹೋಗಲು ನನಗೇನೂ ಬೇಸರವಿರಲಿಲ್ಲ, ಊರು ನನ್ನದೇ. ಆದರೆ ಹೋಗುವುದು ಬೇರೆ, ವಿಳಾಸ ತಪ್ಪಿದ ಕಾಗದದ ಹಾಗೆ ವಾಪಸ್ ಕಳಿಸಿಕೊಳ್ಳುವುದು ಬೇರೆ. ಅತ್ತೆಯ ಮನೆಯ ಪಡಸಾಲೆಯಲ್ಲಿ, ಹೊಂದಿಕೊಳ್ಳಲಾರದೆ ತಿರುಗಿ ಬಂದವಳು ಎನ್ನಿಸಿಕೊಂಡು ಮೂರು ವರ್ಷ ಕೂರಲು ನಾನು ತಯಾರಿರಲಿಲ್ಲ.

"ಈ ಐತವಾರ ನಾ ಒಬ್ಬಾಕಿನ ಹೋಗ್ತೀನಿ," ಎಂದೆ. "ಬಸ್ಸು ಹಿಡದು ಹೋಗಿ, ಗುಡ್ಡಾ ಹತ್ತಿ, ಇಳದು, ಒಬ್ಬಾಕಿನ ವಾಪಸ್ ಬರ್ತೀನಿ. ನಡುವ ನಿಮಗ ಫೋನ್ ಮಾಡಿದ್ರ ಸೋಮವಾರ ಟಿಕೆಟ್ ತಗೀರಿ, ತುಟಿ ಪಿಟಕ್ಕನ್ನಂಗಿಲ್ಲ. ಮಾಡ್ಲಿಲ್ಲಂದ್ರ ಊರಿಗೆ ಕಳಸೂ ಮಾತು ಈ ಮನ್ಯಾಗ ಮತ್ತ ಬರಬಾರದು."

"ಗುಡ್ಡಾ ಅಂದ್ರ ಕಾಡು ಇರ್ತದ. ತಪ್ಪಿಸ್ಕೊಂಡೀ."

"ಕಾಡಿನ್ಯಾಗ ಸ್ಟಾಡ್ಟ್‌ಬಾನ್ ಇರೂದಿಲ್ಲಲ್ಲ. ಹೆಂಗ ತಪ್ಪಿಸ್ಕೋತೀನಿ?"

ಗುಡ್ಡವೇ ಯಾಕೆ ಎಂದರೆ, ಅದು ಕೆಳಮನೆಯವರ ಅಡುಗೆಮನೆಯಲ್ಲಿ ಗೋಡೆಗೆ ನೇತಾಡುತ್ತಿತ್ತು. ಕ್ಯಾಲೆಂಡರಿನ ಚಿತ್ರ: ಶ್ವೇಬಿಷ್ ಆಲ್ಬ್ ಎಂಬ ಬೆಟ್ಟಸಾಲಿನ ಒಂದು ಗುಡ್ಡ, ನೆತ್ತಿಯ ಮೇಲೆ ಬಿಳಿಯ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾಮಂದಿರ. ಕೆಳಮನೆಯವರೆಂದರೆ ಎಪ್ಪತ್ತು ದಾಟಿದ ಜರ್ಮನ್ ಹೆಂಗಸು, ಒಬ್ಬರೇ ಇದ್ದರು. ನಾವು ಬಂದ ಹೊಸದರಲ್ಲಿ ಅವರು ನನ್ನ ಪಾಲಿಗೆ ಪೊಲೀಸ್ ಇದ್ದ ಹಾಗೆ. ಆ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯುಂಟು. ಕಟ್ಟಡದ ಮೆಟ್ಟಿಲುಗಳನ್ನು ವಾರಕ್ಕೊಂದು ಮನೆಯವರು ಪಾಳಿಯ ಮೇಲೆ ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಮರದ ಫಲಕ ತೂಗುತ್ತದೆ. ಮೊದಲ ಸಲ ನಾನು ನಮ್ಮ ಊರಿನಂತೆ ಬಕೆಟ್ ನೀರು ಮೇಲಿನಿಂದ ಸುರಿದು ತೊಳೆದಿದ್ದೆ. ಅವರ ಬಾಗಿಲ ಮುಂದಿನ ಕಾಲೊರೆಸು ತೇಲಿಹೋಯಿತು. ಮುದುಕಿ ಕೂಗಾಡಿದರು, ನಾನೂ ಕನ್ನಡದಲ್ಲಿ ಕೂಗಾಡಿದೆ. ಮರುದಿನ ಅವರೇ ಒಂದು ಒರೆಸುವ ಬಟ್ಟೆ ತಂದು, ಮಂಡಿಯೂರಿ ಕುಳಿತು, ಹೇಗೆ ಎಂದು ತೋರಿಸಿದರು. ಅಲ್ಲಿಂದ ನಮ್ಮಿಬ್ಬರಿಗೆ ಒಂದು ಬಗೆಯ ಸಲಿಗೆ ಬೆಳೆಯಿತು. ನನ್ನ ಜರ್ಮನ್ ಅಷ್ಟೂ ಮೆಟ್ಟಿಲ ಮೇಲೆ ಕಲಿತದ್ದು.

ಗುಡ್ಡಕ್ಕೆ ಹೋಗುತ್ತೇನೆಂದು ಹೇಳಿದಾಗ ಅವರು ಮೊದಲು ನನ್ನ ಕಾಲಿನ ಚಪ್ಪಲಿ ನೋಡಿದರು. ಒಳಗೆ ಹೋಗಿ ಕಂದು ಬಣ್ಣದ ಚರ್ಮದ ಬೂಟು ತಂದರು. ಅವರ ತೀರಿಹೋದ ತಂಗಿಯದಂತೆ. ಎಣ್ಣೆ ಹಚ್ಚಿ, ಒಳಗೆ ಪೇಪರ್ ತುರುಕಿ, ಹತ್ತು ವರ್ಷ ಹಾಗೇ ಇಟ್ಟಿದ್ದರು. ನನಗೆ ಒಂದು ಸೈಜು ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿಕೋ ಎಂದು ಬೆರಳು ಮಡಚಿ ಹೇಳಿದರು. ಬಸ್ಸಿನ ವೇಳಾಪಟ್ಟಿ ತೆಗೆದು, ಭಾನುವಾರದ ಸಾಲಿನಲ್ಲಿ ಒಂದು ಅಂಕಿಗೆ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿದರು. ಸಂಜೆ ಐದು ಗಂಟೆ ಹನ್ನೆರಡು ನಿಮಿಷ. ಅದೇ ಕಡೆಯದು. ಮೂರು ಸಲ ಹೇಳಿದರು.

ಅಕ್ಟೋಬರ್ ತಿಂಗಳ ಭಾನುವಾರ. ಬಾಗಿಲಲ್ಲಿ ಇವರು ತಮ್ಮ ಮೊಬೈಲನ್ನು ನನ್ನ ಕೈಗಿಟ್ಟರು. ಮನೆಗೆಲ್ಲ ಅದೊಂದೇ.

"ಇರ್ಲಿ ತಗೋ. ನಾ ಮನ್ಯಾಗ ಲ್ಯಾಂಡ್‌ಲೈನ್ ಮುಂದ ಕುಂತಿರ್ತೀನಿ. ಗೆಳ್ಯಾನ ಕಾರ್ ಕೇಳಿಟ್ಟೀನಿ."

ಕಾರ್ ಬೇರೆ ಕೇಳಿಟ್ಟಿದ್ದರು! ನಾನು ಸೋಲುತ್ತೇನೆಂದು ಅಷ್ಟು ಖಾತ್ರಿ. ಮೊಬೈಲನ್ನು ಅವರ ಕಣ್ಣೆದುರೇ ಬಂದ್ ಮಾಡಿ ಚೀಲಕ್ಕೆ ಹಾಕಿದೆ. ಚೀಲದಲ್ಲಿ ಊರಿಂದ ತರಿಸಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ನೀರು, ಶಬ್ದಕೋಶ ಇದ್ದವು.

ರೈಲಿನಲ್ಲಿ ಮುಕ್ಕಾಲು ಗಂಟೆ, ಆಮೇಲೆ ಬಸ್ಸು. ಬಸ್ ಸ್ಟ್ಯಾಂಡಿನಲ್ಲಿ ಒಂದಲ್ಲ, ಮೂರು ಸಲ ಫಲಕ ಓದಿದೆ, ಡ್ರೈವರನಿಗೆ ಊರಿನ ಹೆಸರು ಎರಡು ಸಲ ಹೇಳಿದೆ. ಅವನು ಎರಡನೆಯ ಸಲ ಹುಬ್ಬು ಗಂಟಿಕ್ಕಿದ. ಗಂಟಿಕ್ಕಲಿ, ನಾನು ಮುಂದಿನ ಸೀಟಿನಲ್ಲೇ ಕುಳಿತೆ. ನಮ್ಮ ಕಡೆ ಬಸ್ಸಿನಲ್ಲಿ ಹೆಂಗಸರು ಕೂರುವುದು ಮುಂದೆಯೇ. ಕೋಲು, ಬೆನ್ನುಚೀಲ, ಮಂಡಿಯವರೆಗೆ ಕಾಲುಚೀಲ ಏರಿಸಿದ ಮುದುಕ ಮುದುಕಿಯರು ಹತ್ತಿದರು. ಎಲ್ಲರ ಕಣ್ಣೂ ಒಂದು ಗಳಿಗೆ ನನ್ನ ಮೇಲೆ, ಚೂಡಿದಾರದ ಮೇಲೆ ಹಾಕಿದ್ದ ಗಂಡನ ಜಾಕೆಟ್ಟಿನ ಮೇಲೆ, ಕೊನೆಗೆ ಬೂಟಿನ ಮೇಲೆ ನಿಂತವು. ಬೂಟು ನೋಡಿದ ಮೇಲೆ ಒಬ್ಬಾಕೆ ತಲೆ ಆಡಿಸಿದಳು. ಪಾಸಾದೆ ಅನ್ನಿಸಿತು.

ಬಸ್ಸು ಸೇಬಿನ ತೋಟಗಳ ನಡುವೆ ಹೋಯಿತು. ಹಣ್ಣು ಮರದ ಕೆಳಗೆ ಹಾಗೇ ಉದುರಿ ಬಿದ್ದಿದ್ದವು, ಯಾರೂ ಆರಿಸುತ್ತಿರಲಿಲ್ಲ. ಊರುಗಳು ಚಿಕ್ಕವು, ಪ್ರತಿ ಊರಿಗೂ ಚೂಪು ಗೋಪುರ, ಮುಚ್ಚಿದ ಅಂಗಡಿ. ತಿರುವೊಂದರಲ್ಲಿ ಆಲ್ಬ್ ಎದ್ದು ನಿಂತಿತು. ಕೆಳಗೆಲ್ಲ ಹಳದಿ ಕಾಡು, ಮೇಲೆ ಬೋಳು ಸುಣ್ಣಕಲ್ಲು. ಅದರ ನೆತ್ತಿಯ ಮೇಲೆ ಆ ಚಾಪೆಲ್ ಉಗುರಿನಷ್ಟು ಕಾಣುತ್ತಿತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿ ನಾನು ಹೋಗುತ್ತಿದ್ದ ಜಾಗ ನನಗೆ ಕಣ್ಣಿಗೆ ಕಾಣುತ್ತಿತ್ತು. ಜೋರಾಗಿ ನಗಬೇಕೆನ್ನಿಸಿತು.

ಇಳಿದ ಸ್ಟಾಪಿನಲ್ಲಿ ಒಂದು ಮರದ ಗೂಡು, ಒಳಗೆ ಬೆಂಚು. ಅಲ್ಲಿಂದ ಒಂದೇ ದಾರಿ. ಹತ್ತಲು ಎರಡು ಗಂಟೆ ಬೇಕಾಯಿತು. ಮೊದಲು ಹುಲ್ಲುಗಾವಲು, ಆಮೇಲೆ ಕಾಡು, ಆಮೇಲೆ ಬೇರುಗಳೇ ಮೆಟ್ಟಿಲಾದ ಕಡಿದಾದ ಏರು. ಸ್ಟುಟ್‌ಗಾರ್ಟಿನ ಬೀದಿಯಲ್ಲಿ ಮುಖ ಎತ್ತದ ಈ ಜನ ಗುಡ್ಡದ ಮೇಲೆ ಎದುರಾದವರಿಗೆಲ್ಲ "ಗ್ರ್ಯೂಸ್ ಗಾಟ್" ಎಂದು ದೇವರ ಹೆಸರಿನಲ್ಲಿ ನಮಸ್ಕಾರ ಹೇಳುತ್ತಾರೆ. ನಾನೂ ಅಂದೆ. ಹತ್ತನೆಯ ಸಲಕ್ಕೆ ಅವರಿಗಿಂತ ಮೊದಲೇ ಅನ್ನತೊಡಗಿದೆ. ಏದುಸಿರು ಬಿಡುತ್ತ, ಬೆವರುತ್ತ, ಬೂಟಿನೊಳಗೆ ಹಿಮ್ಮಡಿ ಜಾರುತ್ತ ಹತ್ತಿದೆ. ಖುಷಿಯಾಗಿತ್ತು. ಅಂಥ ಖುಷಿ ಆ ದೇಶದಲ್ಲಿ ನನಗೆ ಅದುವರೆಗೆ ಆಗಿರಲಿಲ್ಲ.

ಮೇಲೆ ಬಂಡೆಯ ಮೇಲೆ ಕುಳಿತು ರೊಟ್ಟಿ ತಿಂದೆ. ಕಟಕ್ ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಬಂಡೆಯವರು ತಿರುಗಿ ನೋಡಿದರು. ಆಮೇಲೆ ಚಾಪೆಲ್ ಕಡೆ ನಡೆದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿ, ಕಾಲುಚೀಲ ಒಳಗೆ ತುರುಕಿ, ಗೋಡೆಗೆ ಒತ್ತಿ ಜೋಡಿಸಿ ಇಟ್ಟು ಒಳಗೆ ಹೋದೆ. ಇದನ್ನು ನಾನು ಯೋಚಿಸಿ ಮಾಡಲಿಲ್ಲ. ದೇವರು ಯಾರದೇ ಇರಲಿ, ಹೊಸ್ತಿಲು ಕಂಡರೆ ಕಾಲು ತಾನೇ ಚಪ್ಪಲಿ ಬಿಚ್ಚುತ್ತದೆ. ಒಳಗಿನ ಕಲ್ಲು ನೆಲ ತಣ್ಣಗಿತ್ತು. ಒಂದು ಮೇಣದಬತ್ತಿ ಉರಿಯುತ್ತಿತ್ತು. ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಏನೂ ಬೇಡಿಕೊಳ್ಳಲಿಲ್ಲ. ಹದಿನೈದು ನಿಮಿಷವಾದರೂ ಹಾಗೇ ಕುಳಿತಿದ್ದೆ.

ಹೊರಗೆ ಬಂದರೆ ಬೂಟು ಇಲ್ಲ.

ಮೆಟ್ಟಿಲ ಆಚೆ ನೋಡಿದೆ, ಈಚೆ ನೋಡಿದೆ, ಚಾಪೆಲ್ಲಿಗೆ ಒಂದು ಸುತ್ತು ಹಾಕಿದೆ. ಎರಡನೆಯ ಸುತ್ತು ಹಾಕಿದೆ. ಬಂಡೆಗಳ ಮೇಲಿದ್ದವರೆಲ್ಲ ಇಳಿದುಹೋಗಿದ್ದರು. ಗುಡಿಯ ಮುಂದೆ ಚಪ್ಪಲಿ ಕದಿಯುವವರು ನಮ್ಮಲ್ಲಿ ಇದ್ದಾರೆ, ಗೊತ್ತು. ಜರ್ಮನಿಯಲ್ಲೂ ಇದ್ದಾರೆಯೇ? ಎಪ್ಪತ್ತರ ಮುದುಕಿ ಹತ್ತು ವರ್ಷ ಎಣ್ಣೆ ಹಚ್ಚಿ ಕಾದಿಟ್ಟ ತಂಗಿಯ ಬೂಟನ್ನು ನಾನು ಒಂದೇ ದಿನದಲ್ಲಿ ಕಳೆದಿದ್ದೆ. ಅಲ್ಲೇ ನಿಂತು ಅತ್ತೆ. ಅಳು ಬಂದದ್ದಕ್ಕೂ ಸಿಟ್ಟು ಬಂತು.

ಗಡಿಯಾರ ಮೂರು ಮುಕ್ಕಾಲು ತೋರಿಸುತ್ತಿತ್ತು. ಬಸ್ಸಿಗೆ ಒಂದೂವರೆ ಗಂಟೆಗಿಂತ ಕಡಿಮೆ. ಇಲ್ಲೇ ನಿಂತು ಹುಡುಕಿದರೆ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ಫೋನ್ ಮಾಡಬೇಕು. ಚೀಲದಿಂದ ಮೊಬೈಲ್ ತೆಗೆದು ಚಾಲೂ ಮಾಡಿದೆ. ಗುಡ್ಡದ ತುದಿಯಲ್ಲವೇ, ಸಿಗ್ನಲ್ ಪೂರ್ತಿ ಇತ್ತು. ಮನೆಯ ನಂಬರಿನ ಮೇಲೆ ಹೆಬ್ಬೆರಳು ಇಟ್ಟೆ. ಇವರು ಬರುತ್ತಿದ್ದರು, ಖಂಡಿತ ಬರುತ್ತಿದ್ದರು, ಬೈಯುತ್ತಲೂ ಇರಲಿಲ್ಲ. ಆಮೇಲೆ ಮುಂದಿನ ಭಾನುವಾರ ಎಣಗಾಯಿ ತಿನ್ನುವವರ ಮುಂದೆ ಬೂಟಿನ ಕಥೆ. ಅದರಾಚೆಗೆ ಫ್ರಾಂಕ್‌ಫರ್ಟ್. ಮೊಬೈಲ್ ಬಂದ್ ಮಾಡಿದೆ.

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಕಂಬಿ ಹೊತ್ತು ಪಾದಯಾತ್ರೆ ಹೊರಡುವ ಭಕ್ತರ ಜೊತೆ ಬಾಗಲಕೋಟೆಯಿಂದ ಶ್ರೀಶೈಲದ ಮಲ್ಲಯ್ಯನ ತನಕ ಹನ್ನೊಂದು ಸಲ ನಡೆದವಳು. ಹನ್ನೊಂದೂ ಸಲ ಬರಿಗಾಲು, ಅದೂ ಯುಗಾದಿಯ ಸುಡುಬಿಸಿಲಿನಲ್ಲಿ. ನಾನು ಚಿಕ್ಕವಳಿದ್ದಾಗ ಅವಳ ಅಂಗಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಘಟ್ಟ ಇಳಿಯುವುದು ಹೇಗೆ ಎಂದು ಅವಳು ಅಂಗಳದ ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದಳು.

"ಹಿಮ್ಮಡ ಊರಬ್ಯಾಡವ್ವಾ, ಬೆರಳು ಊರು. ಅಡ್ಡಡ್ಡ ಇಳಿ. ಕಲ್ಲಿನ ಮ್ಯಾಗ ನಿಂದರಬ್ಯಾಡ, ದಾಟಿ ಬಿಡು."

ಆಯಿಗೆ ಕಡೆಯ ಬಸ್ಸಿನ ಚಿಂತೆ ಇರಲಿಲ್ಲ ನಿಜ. ಆದರೆ ಹಾದಿಯಲ್ಲಿ ಕಾರ್ ಕಳಿಸುವವರೂ ಯಾರೂ ಇರಲಿಲ್ಲ.

ಸಲ್ವಾರನ್ನು ಮೊಣಕಾಲಿನವರೆಗೆ ಮಡಚಿ ಇಳಿಯತೊಡಗಿದೆ. ಬೇರುಗಳ ಮೆಟ್ಟಿಲು ಸಲೀಸಾಯಿತು. ದೊಡ್ಡ ಬೂಟಿಗಿಂತ ಬರಿಗಾಲಿಗೇ ಹಿಡಿತ ಹೆಚ್ಚು. ಕಾಡಿನ ಎಲೆಹಾಸು ಒದ್ದೆಯಾಗಿ ಮೆತ್ತಗಿತ್ತು. ಅದಾದ ಮೇಲೆ ಜಲ್ಲಿಕಲ್ಲಿನ ದಾರಿ ಬಂತು, ಅದು ಜೀವ ತೆಗೆಯಿತು. ಒಂದೊಂದು ಹೆಜ್ಜೆಗೂ ಬಾಯಲ್ಲಿ ಬರಬಾರದ ಬೈಗಳು ಬಂದವು. ಎಲ್ಲ ಅಚ್ಚ ಬಾಗಲಕೋಟೆಯವು, ಅಲ್ಲಿ ಯಾರಿಗೂ ಅರ್ಥವಾಗುವ ಭಯವಿರಲಿಲ್ಲ. ಮೇಲೆ ಬರುತ್ತಿದ್ದ ಒಬ್ಬ ಗಂಡಸು ನನ್ನ ಕಾಲು ನೋಡಿ ನಿಂತೇಬಿಟ್ಟ. ಬೂಟು ಎಲ್ಲಿ ಎಂದು ಕೇಳಿದ. ಅವನಿಗೆ ಸಹಾಯ ಮಾಡುವ ಮನಸ್ಸಿತ್ತೋ ಏನೋ. ನಾನು ತಲೆ ಎತ್ತಿ "ಗ್ರ್ಯೂಸ್ ಗಾಟ್" ಎಂದು ಹೇಳಿ ದಾಟಿ ಬಿಟ್ಟೆ.

ಹುಲ್ಲುಗಾವಲಿಗೆ ಬಂದಾಗ ಐದು ಗಂಟೆ. ಅಲ್ಲಿಂದ ಓಡಿದೆ. ಮೂವತ್ತೆರಡು ವರ್ಷದ ಲೆಕ್ಚರರ್, ಕೊರಳಲ್ಲಿ ತಾಳಿ ಕುಣಿಯುತ್ತ, ಹಸುಗಳ ನಡುವೆ ಬರಿಗಾಲಲ್ಲಿ ಓಡಿದೆ.

ಸ್ಟಾಪಿನ ಮರದ ಗೂಡಿನೊಳಗೆ, ಬೆಂಚಿನ ಮೇಲೆ, ಬೂಟುಗಳು ಕುಳಿತಿದ್ದವು.

ಎರಡರ ಲೇಸನ್ನೂ ಸೇರಿಸಿ ಚೆಂದಾಗಿ ಗಂಟು ಹಾಕಿದ್ದರು. ಕಾಲುಚೀಲಗಳನ್ನು ಮಡಚಿ ಪಕ್ಕದಲ್ಲಿ ಇಟ್ಟಿದ್ದರು. ಒಂದು ಬೂಟಿನೊಳಗೆ ಚೀಟಿ. ಶಬ್ದಕೋಶ ತೆಗೆದು, ಏದುಸಿರು ಬಿಡುತ್ತ ಓದಿದೆ. ಚಾಪೆಲ್ ಬಾಗಿಲಲ್ಲಿ ಸಿಕ್ಕವು, ಯಾರೋ ಬೇರೆ ಶೂ ಹಾಕಿಕೊಂಡು ಇವನ್ನು ಮರೆತು ಹೋಗಿದ್ದಾರೆ, ಬಸ್ಸಿಗೆ ಇಲ್ಲಿಗೇ ಬರಬೇಕಲ್ಲ ಎಂದು ತಂದಿಟ್ಟಿದ್ದೇವೆ. ಕೆಳಗೆ ಶುಭಾಶಯ. ಬಾಗಿಲಲ್ಲಿ ಬೂಟು ಇದ್ದರೆ ಒಳಗೆ ಮನುಷ್ಯ ಇರುತ್ತಾನೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ. ಯಾಕೆ ಹೊಳೆಯಬೇಕು? ಅಷ್ಟು ಭಾರವನ್ನು ಗುಡ್ಡದಿಂದ ಹೊತ್ತು ತಂದಿದ್ದರು, ಅಪರಿಚಿತರಿಗಾಗಿ. ನಗು ಬಂತು, ಅಷ್ಟೇ ಸಿಟ್ಟೂ ಬಂತು. ಚೀಟಿಯನ್ನು ಜೋಪಾನವಾಗಿ ಶಬ್ದಕೋಶದೊಳಗೆ ಇಟ್ಟೆ.

ಐದು ಹನ್ನೆರಡಕ್ಕೆ ಬಸ್ಸು ಬಂತು. ಬೆಳಗಿನ ಡ್ರೈವರನೇ. ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಬೂಟು ನೋಡಿದ, ಕೆಸರು ಮೆತ್ತಿದ ಪಾದ ನೋಡಿದ.

"ಕಪುಟ್?" ಎಂದು ಕೇಳಿದ. ಕೆಟ್ಟಿವೆಯೇ ಎಂದು.

"ನೈನ್," ಎಂದೆ, ಇಲ್ಲ ಎಂದು.

ಬೂಟು ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಪಾದ ಊದಿತ್ತು, ಕೆಸರಾಗಿತ್ತು, ಅವು ಬೇರೆಯವರ ಬೂಟು ಎಂಬುದೆಲ್ಲ ನಿಜ. ಆದರೆ ಮುಖ್ಯ ಕಾರಣ ಅದಲ್ಲ. ಗುಡ್ಡವನ್ನು ಬರಿಗಾಲಲ್ಲಿ ಇಳಿದವಳಿಗೆ ಸ್ಟುಟ್‌ಗಾರ್ಟಿನ ರೈಲ್ವೆ ಸ್ಟೇಷನ್ ಯಾವ ಲೆಕ್ಕ? ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ರೈಲಿನಲ್ಲಿ ಎದುರಿನವರು ಸೀಟು ಬದಲಿಸಿದರು. ಬದಲಿಸಲಿ. ಸ್ಟಾಡ್ಟ್‌ಬಾನ್ ಹತ್ತುವಾಗ ಈ ಸಲ ಪ್ಲಾಟ್‌ಫಾರ್ಮ್ ತಪ್ಪಲಿಲ್ಲ.

ನಮ್ಮ ಬೀದಿಗೆ ಬಂದಾಗ ಸಣ್ಣಗೆ ಮಳೆ. ಕಟ್ಟಡದ ಮುಂದಿನ ಹೂವಿನ ಮಡಿಯನ್ನು ಯಾರೋ ಅಗೆದಿದ್ದರು, ಕರಿ ಮಣ್ಣು ಕಾಲುದಾರಿಗೆಲ್ಲ ಹರಿದಿತ್ತು. ಅದನ್ನು ತುಳಿದುಕೊಂಡೇ ಒಳಗೆ ಹೋದೆ. ಆ ವಾರದ ಪಾಳಿ ನಮ್ಮದು. ಶನಿವಾರವಷ್ಟೇ ನಾನು ಮಂಡಿಯೂರಿ ಒರೆಸಿದ ಮೆಟ್ಟಿಲುಗಳು ಫಳಫಳ ಹೊಳೆಯುತ್ತಿದ್ದವು. ಕೆಳಮನೆಯವರ ಬೆಲ್ ಒತ್ತಿ ಬೂಟು ಕೊಟ್ಟೆ. ಅವರು ಅವನ್ನು ತಿರುಗಿಸಿ ನೋಡಿ, ನನ್ನ ಕಾಲು ನೋಡಿ, ಗಾಬರಿಯಾದರು. ಚಾಪೆಲ್, ಬಾಗಿಲು, ಹೊರಗೆ, ದೇವರು ಎಂದು ನನಗೆ ಗೊತ್ತಿದ್ದ ನಾಲ್ಕು ಪದಗಳನ್ನು ಹೇಳಿ ಚೀಟಿ ತೋರಿಸಿದೆ. ಅವರು ಓದಿದರು. ಆಮೇಲೆ ಬೂಟನ್ನು ವಾಪಸ್ ನನ್ನ ಕೈಗೇ ಕೊಟ್ಟರು. ನಿನ್ನವು, ಇಟ್ಟುಕೋ ಎಂದರು. ಬಾಗಿಲು ಹಾಕುವ ಮುಂಚೆ ಅವರ ಕಣ್ಣು ಮೆಟ್ಟಿಲ ಕಡೆ ಹೋಯಿತು. ಹೋಗದೇ ಇರುತ್ತದೆಯೇ! ಅಲ್ಲಿ ಕರಿ ಮಣ್ಣಿನ ಪಾದಗಳು, ಐದೂ ಬೆರಳು ಮೂಡಿ, ಬಾಗಿಲಿನಿಂದ ಅವರ ಹೊಸ್ತಿಲ ತನಕ ಸಾಲಾಗಿ ಬಿದ್ದಿದ್ದವು.

"ಮೊರ್ಗೆನ್," ಎಂದರು. ನಾಳೆ. ಅದು ಅವರು ನನಗೆ ಕೊಟ್ಟ ಅತಿ ದೊಡ್ಡ ರಿಯಾಯಿತಿ.

ಮೇಲೆ ಇವರು ಬಾಗಿಲು ತೆಗೆದು ನಿಂತಿದ್ದರು. ಮುಖ ಬಾಡಿತ್ತು. ಇಡೀ ದಿನ ಫೋನಿನ ಮುಂದೆ ಕುಳಿತವರ ಮುಖ.

"ಕಾಲಿಗೇನಾತ? ಬೂಟ್ ಯಾಕ ಕೈಯಾಗ? ಫೋನರೆ ಮಾಡಬಾರದಿತ್ತೇನ?"

"ಮಾಡಬಾರದಿತ್ತು," ಎಂದೆ. "ಅದ ಮಾತಾಗಿತ್ತಲ್ಲ."

ಅವರು ನನ್ನ ಬೆನ್ನ ಹಿಂದೆ ಮೆಟ್ಟಿಲು ನೋಡಿದರು. ಒಳಗೆ ಹೋಗಿ ಒರೆಸುವ ಬಟ್ಟೆ ತಂದರು.

"ಬಿಡ್ರಿ, ಮುಟ್ಟಬ್ಯಾಡ್ರಿ," ಎಂದೆ. "ಇವತ್ತೊಂದಿನ ಇರ್ಲಿ."

ಬಿಸಿನೀರಿನಲ್ಲಿ ಕಾಲು ಇಟ್ಟು ಕುಳಿತು ಎಲ್ಲ ಹೇಳಿದೆ. ಅವರು ನಗಲಿಲ್ಲ. ಕುಳಿತು ಕೇಳಿದರು. ಅಂಗಾಲಿನಲ್ಲಿ ನೆಟ್ಟಿದ್ದ ಒಂದು ಮುಳ್ಳನ್ನು ಸೂಜಿಯಿಂದ ತೆಗೆದರು. ಆಮೇಲೆ ಎದ್ದು ಅಡುಗೆಮನೆಗೆ ಹೋದಾಗ ಫ್ರಿಜ್ಜಿನ ಮೇಲಿನ ಹಾಳೆ ಹರಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಆಫೀಸಿಗೆ ಹೊರಟಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಹೆಜ್ಜೆ ಗುರುತುಗಳು ಒಣಗಿ ಬಿಳಿಚಿದ್ದವು, ಮೆಟ್ಟಿಲ ನಟ್ಟನಡುವೆ, ಎಲ್ಲವೂ ಮೇಲ್ಮುಖವಾಗಿ. ಇವರು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಊರಿ, ಪಕ್ಕದ ಅಂಚಿನಲ್ಲೇ ಕಾಲಿಡುತ್ತ ಇಳಿದರು. ಎರಡು ಮಹಡಿಯಷ್ಟೂ ಹಾಗೇ ಹೋದರು, ಒಂದು ಹೆಜ್ಜೆಯನ್ನೂ ತುಳಿಯಲಿಲ್ಲ.

ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ನಾನೇ ಬಟ್ಟೆ ಹಿಂಡಿಕೊಂಡು ಕುಳಿತೆ. ಮೇಲಿನಿಂದ ಕೆಳಗಿನವರೆಗೆ ಒರೆಸಿ, ಫಲಕವನ್ನು ಮುಂದಿನ ಮನೆಯವರ ಬಾಗಿಲಿಗೆ ತೂಗುಹಾಕಿ ಬಂದೆ.